ಕಿರುಗುಟ್ಟದ ಕಾರು

ನಮ್ಮ ಕಡೆಯವರಿಗೆ ತೆಂಗಿನೆಣ್ಣೆಯ ಮೇಲೆ ಇರುವ ನಂಬಿಕೆ ದೇವರ ಮೇಲೂ ಇಲ್ಲ. ತಲೆಗೆ ಅದೇ, ಸುಟ್ಟ ಗಾಯಕ್ಕೆ ಅದೇ, ದೀಪಕ್ಕೆ ಅದೇ, ಬಾಗಿಲು ಕಿರುಗುಟ್ಟಿದರೂ ಅದೇ. ಅದರಿಂದ ಯಾರಿಗಾದರೂ ಕೆಟ್ಟದಾದದ್ದನ್ನು ನಾನು ನೋಡಿರಲಿಲ್ಲ. ಐವತ್ತೆಂಟನೇ ಇಸವಿಯ ಬೇಸಗೆಯಲ್ಲಿ ನೋಡಿದೆ. ಈಗಲೂ ಆ ಸಂಗತಿ ನೆನಪಾದರೆ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ಆಗ ನಾನು ಮೂಡುಬಿದಿರೆಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ರಮಾನಾಥನ ಕಾರು ಎಂದರೆ ಆ ಕಾಲದಲ್ಲಿ ಎಲ್ಲರಿಗೂ ಗೊತ್ತು. ಅದು ನಿಲ್ಲುತ್ತಿದ್ದ ಮರದ ಪಕ್ಕದಲ್ಲೇ ಯಾಕೂಬ್ ಸಾಹೇಬರ ರಿಪೇರಿ ಶೆಡ್ಡು. ಬಂಟ್ವಾಳದ ಚಿನ್ನಯ್ಯ ಧಣಿಗಳ ಕಾರು ಅಲ್ಲಿಗೆ ಬಂತು. ಯುದ್ಧಕ್ಕಿಂತ ಮೊದಲಿನ ವಿಲಾಯಿತಿ ಕಾರು. ಊರು ಬಿಟ್ಟುಹೋದ ಯಾರೋ ಕಾಫಿ ತೋಟದ ದೊರೆಯಿಂದ ಕೊಂಡದ್ದು. ಹೊರದೇಶದ ಸಾಮಾನು ಬರುವುದು ನಿಂತುಹೋಗಿ ಅದಕ್ಕೆ ಒಂದು ಮೊಳೆ ಬೇಕಾದರೂ ಪರದಾಡಬೇಕಾಗಿತ್ತು. ಡ್ರೈವರ್ ಕೂಸಪ್ಪ ಬಂದವನೇ ಹೇಳಿದ, "ಗುಂಡಿಗೆ ಇಳಿದರೆ ಸಾಕು, ಎದುರಿನ ಚಕ್ರದ ಹತ್ತಿರ ಟಕ್ ಅಂತದೆ ಸಾಹೇಬ್ರೇ. ಬರುವ ತಿಂಗಳು ನಾರಾವಿಯಿಂದ ಸಣ್ಣಮ್ಮನನ್ನು ಕರ್ಕೊಂಡು ಬರ್ಲಿಕ್ಕೆ ಉಂಟು."

ಸಣ್ಣಮ್ಮ ಎಂದರೆ ಧಣಿಗಳ ಒಬ್ಬಳೇ ಮಗಳು ಶಶಿಪ್ರಭಾ. ನಾರಾವಿಗೆ ಮದುವೆಯಾಗಿ ಹೋಗಿ ಬಹಳ ವರ್ಷಗಳ ಮೇಲೆ ಮೊದಲ ಸಲ ಬಸುರಿಯಾಗಿದ್ದಳು. ಸೀಮಂತ ಮುಗಿಸಿ ಅವಳನ್ನು ತವರಿಗೆ ತರುವ ಕಾರು ಅದು. ನಡುವೆ ಏನಾದರೂ ಎಡವಟ್ಟಾದರೆ ಆ ಮನೆ ಮತ್ತೆ ಏಳುವ ಹಾಗಿರಲಿಲ್ಲ.

ಯಾಕೂಬ್ ಸಾಹೇಬರು ಕಾರಿನ ಅಡಿಗೆ ನುಗ್ಗಿ ನೋಡಿದರು. ಕಾರಿನ ಭಾರ ಹೊರುವ ಪಟ್ಟೆ ಸ್ಪ್ರಿಂಗಿನ ತುದಿಯಲ್ಲಿ ಒಂದು ತೂತು ಇರುತ್ತದೆ, ಅದರೊಳಗೆ ಕಬ್ಬಿಣದ ಪಿನ್ನು. ಎರಡಕ್ಕೂ ನಡುವೆ ಹೆಬ್ಬೆರಳು ಗಾತ್ರದ ರಬ್ಬರಿನ ಬುಶ್ ಕೂರುತ್ತದೆ. ಆ ಬುಶ್‌ಗಳೆಲ್ಲ ಸವೆದು ಪುಡಿಯಾಗಿದ್ದವು. ಹೊಸದು ಎಲ್ಲಿಯೂ ಸಿಗುವುದಿಲ್ಲ. ಸಾಹೇಬರು ಹಳೆಯ ಲಾರಿ ಟಯರಿನ ದಪ್ಪ ಅಂಚನ್ನು ಆರಿಸಿದರು. ಬಾಯಿ ಮಸೆದ ಕಬ್ಬಿಣದ ಪೈಪಿನಿಂದ ಅದನ್ನು ತಿರುಗಿಸಿ ತಿರುಗಿಸಿ ಕೊರೆದು ತುಂಡು ತೆಗೆದರು, ನಡುವೆ ತೂತು ಮಾಡಿ ಸಾಣೆಕಲ್ಲಿಗೆ ಹಿಡಿದು ಉರುಟು ಮಾಡಿದರು. ಸುಟ್ಟ ರಬ್ಬರಿನ ವಾಸನೆಗೆ ನಾನು ಕಾರು ಬೇರೆ ಕಡೆ ನಿಲ್ಲಿಸಿದೆ. ಕೊನೆಗೆ ಸಾಬೂನು ನೀರು ಹಚ್ಚಿ ಒಂದೊಂದನ್ನೇ ಬಿಗಿಯಾಗಿ ಒತ್ತಿ ಕೂರಿಸಿದರು.

"ಇದಕ್ಕೆ ಎಣ್ಣೆ ಮುಟ್ಟಿಸಬಾರದು ಕೂಸಪ್ಪ, ಒಂದು ತೊಟ್ಟು ಕೂಡ," ಎಂದರು ಸಾಹೇಬರು. "ಎಣ್ಣೆ ಕುಡಿದರೆ ರಬ್ಬರು ಉಬ್ಬಿ ಮೆತ್ತಗಾಗ್ತದೆ. ಸ್ವಲ್ಪ ಸಮಯ ಕಿರುಗುಟ್ಟೀತು. ಕಿರುಗುಟ್ಟಿದರೆ ಗಟ್ಟಿ ಉಂಟು ಅಂತ ಲೆಕ್ಕ. ಸದ್ದು ನಿಂತರೆ ಸೀದಾ ಇಲ್ಲಿಗೆ ತಾ."

ಕೂಸಪ್ಪ ಹೂಂ ಎಂದ. ಹೇಳಿದ್ದನ್ನು ಮರೆಯುವ ಜನ ಅಲ್ಲ ಅವನು.

ಬಂಟ್ವಾಳದಲ್ಲಿ ನಡೆದದ್ದನ್ನು ಅವನೇ ನನಗೆ ಆಮೇಲೆ ಹೇಳಿದ. ಕಾರು ಅಂಗಳಕ್ಕೆ ಬರುವಾಗ ಕುಂಯ್ ಕುಂಯ್ ಎಂದು ಉದ್ದಕ್ಕೂ ಎಳೆಯುತ್ತಿತ್ತು. ಧಣಿಗಳ ಹೆಂಡತಿ ಕಾಂತಿಯಮ್ಮ ಜಗಲಿಗೆ ಬಂದು ಕೇಳಿಸಿಕೊಂಡರು. ಅವರ ಮುಖ ಸಣ್ಣದಾಯಿತು.

"ಇದು ಅಳ್ತದಲ್ಲ ಕೂಸಪ್ಪ. ಅಳುವ ಕಾರಿನಲ್ಲಿ ಬಸುರಿಯನ್ನು ಕೂರಿಸ್ಲಿಕ್ಕೆ ಆಗ್ತದಾ? ಎಣ್ಣೆ ಹಾಕು."

"ಸಾಹೇಬರು ಬೇಡ ಹೇಳಿದ್ದಾರೆ ಅಮ್ಮ."

"ಸಾಹೇಬರಿಗೆ ನಮ್ಮ ಶಾಸ್ತ್ರ ಗೊತ್ತುಂಟಾ?"

ದಿನಾ ಬೆಳಗ್ಗೆ ಅವರೇ ಸಣ್ಣ ಲೋಟದಷ್ಟು, ಒಂದು ಕುಡ್ತೆ ತೆಂಗಿನೆಣ್ಣೆ ತಂದು ಜಗಲಿಯಲ್ಲಿ ಇಡುತ್ತಿದ್ದರು. ಕೂಸಪ್ಪ ಕಾರಿನ ಅಡಿಗೆ ನುಗ್ಗಿ ಹಾಕುವವರೆಗೆ ಅಲ್ಲೇ ನಿಂತಿರುತ್ತಿದ್ದರು. ಮಗಳ ಮೇಲಿನ ಪ್ರೀತಿ, ಬೇರೇನಲ್ಲ. ಕೂಸಪ್ಪನ ಹೆಂಡತಿ ಸುಂದರಿ ಅದೇ ಮನೆಯ ಹಿತ್ತಲಲ್ಲಿ ಕೆಲಸಕ್ಕಿದ್ದಳು, ಅವರು ಇದ್ದ ಗುಡಿಸಲೂ ಧಣಿಗಳ ಜಾಗದಲ್ಲೇ. ಬೇಡ ಎನ್ನುವ ಬಾಯಿ ಅವನಿಗೆ ಎಲ್ಲಿಂದ ಬರಬೇಕು? ಸ್ವಲ್ಪ ದಿನದಲ್ಲೇ ಕಾರಿನ ಅಳು ನಿಂತಿತು. ಕಾಂತಿಯಮ್ಮ ದೇವರಿಗೆ ಕೈ ಮುಗಿದರಂತೆ.

ಸೀಮಂತದ ಬೆಳಗ್ಗೆ ಆ ಕಾರು ಮೂಡುಬಿದಿರೆಯನ್ನು ದಾಟಿ ನಾರಾವಿಯ ಕಡೆಗೆ ಹೋಯಿತು. ಎದುರಿಗೆ ಮಲ್ಲಿಗೆ ಕಟ್ಟಿತ್ತು, ಹಿಂದೆ ಧಣಿಗಳೂ ಕಾಂತಿಯಮ್ಮನೂ ಕೂತಿದ್ದರು. ನಾನೂ ಸಾಹೇಬರೂ ಶೆಡ್ಡಿನ ಎದುರು ಚಹಾ ಕುಡಿಯುತ್ತಿದ್ದೆವು. ಸಾಹೇಬರ ಕೈ ಗ್ಲಾಸಿನ ಸಮೇತ ಅರ್ಧಕ್ಕೆ ನಿಂತಿತು.

"ರಮಾನಾಥ, ಕೇಳಿತಾ?"

"ಏನೂ ಕೇಳಲಿಲ್ಲವಲ್ಲ."

"ಅದೇ ಮಾರಾಯ," ಎಂದು ಅವರು ರಸ್ತೆಗೆ ಓಡಿದರು. ಕೂಗಿದರು, ಕೈ ಬೀಸಿದರು. ಕಾರು ತಿರುವಿನಲ್ಲಿ ಮರೆಯಾಗಿತ್ತು. ಹೋದ ದಾರಿಯಲ್ಲೇ ವಾಪಸು ಬರಬೇಕಲ್ಲ, ಆಗ ನಿಲ್ಲಿಸುವ ಎಂದೆ ನಾನು. ಅವರು ಶೆಡ್ಡಿಗೆ ಮರಳಲಿಲ್ಲ. ಒಂದು ಟಯರನ್ನು ಉರುಳಿಸಿ ತಂದು ರಸ್ತೆಯ ಅಂಚಿನಲ್ಲಿ ಹಾಕಿ ಅದರ ಮೇಲೆ ಕೂತರು. ಊಟಕ್ಕೂ ಏಳಲಿಲ್ಲ. ಅವರ ಮುಖ ನೋಡಿ ನಾನೂ ಆ ದಿನ ಬಾಡಿಗೆಗೆ ಹೋಗಲಿಲ್ಲ.

ಇಳಿಹೊತ್ತಿಗೆ ಕಾರು ಬಂತು. ಸಾಹೇಬರು ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತರು. ಕೂಸಪ್ಪ ಬ್ರೇಕ್ ಹಾಕಿದಾಗ ಕಾರು ನೆಟ್ಟಗೆ ನಿಲ್ಲದೆ ಚರಂಡಿಯ ಕಡೆಗೆ ಎಳೆಯಿತು. ಅದನ್ನು ನಾನು ಕಣ್ಣಾರೆ ನೋಡಿದೆ.

ಸಾಹೇಬರು ಯಾರನ್ನೂ ಕೇಳದೆ ಅಡಿಗೆ ನುಗ್ಗಿದರು. ಹೊರಬಂದಾಗ ಅವರ ಬೆರಳಿನಲ್ಲಿ ಕಪ್ಪು ಅಂಟು ಇತ್ತು, ಬಿಸಿಲಿಗಿಟ್ಟ ಹಲ್ವದ ಹಾಗೆ. ತೆಂಗಿನೆಣ್ಣೆಯ ವಾಸನೆ ನನ್ನವರೆಗೂ ಬಂತು.

"ಎಣ್ಣೆ ಹಾಕಿದ್ದು ಯಾರು?"

ಕೂಸಪ್ಪ ಕಾಂತಿಯಮ್ಮನ ಕಡೆ ನೋಡಿದ. ಕಾಂತಿಯಮ್ಮ ಸೆರಗು ಸರಿಮಾಡಿಕೊಂಡು ಎದುರಿನ ಅಂಗಡಿಯನ್ನು ನೋಡುತ್ತಿದ್ದರು.

"ನಾನು," ಎಂದ ಕೂಸಪ್ಪ.

ಧಣಿಗಳು ಅವನಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈದರು. ಬಸುರಿ ಹೆಂಗಸಿನ ಜೀವ ಅಂದರೆ ನಿನಗೆ ಆಟವಾ ಎಂದರು. ಕಾಂತಿಯಮ್ಮ ಇನ್ನೂ ಅಂಗಡಿಯನ್ನೇ ನೋಡುತ್ತಿದ್ದರು.

"ಬೈಯುವುದು ಮತ್ತೆ ಧಣಿ," ಎಂದರು ಸಾಹೇಬರು. "ಮೊದಲು ಮಗಳನ್ನು ಇಳಿಸಿ. ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗ್ತಾ ಉಂಟು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಒಂದು ಬದಿಗೆ ಜಾರ್ತದೆ. ಆಗ ಸ್ಟೇರಿಂಗ್ ಯಾರ ಮಾತೂ ಕೇಳುವುದಿಲ್ಲ."

"ಗಂಡನ ಮನೆಯಿಂದ ಹೊರಟವಳು ತವರಿನ ಅಂಗಳದಲ್ಲೇ ಕಾಲಿಡಬೇಕು. ನಡುದಾರಿಯಲ್ಲಿ ಇಳಿಸುವ ಕ್ರಮ ನಮ್ಮಲ್ಲಿ ಇಲ್ಲ," ಎಂದರು ಧಣಿಗಳು.

ಬಾಗಿಲು ತೆರೆದ ಸದ್ದಾಯಿತು. ಶಶಿಪ್ರಭಾ ಹೊಟ್ಟೆ ಹಿಡಿದುಕೊಂಡು ತಾನೇ ಇಳಿದು ನಿಂತಿದ್ದಳು. "ನಾನು ಇಳಿದಾಯಿತು ಅಪ್ಪ," ಎಂದಳು. ನನ್ನ ಕಾರನ್ನು ಗೊತ್ತುಮಾಡಿದರು. ನನಗೆ ಜೀವ ಬಂದಂತಾಯಿತು. ಗಂಡಾಂತರ ಕಳೆಯಿತು ಎಂದುಕೊಂಡೆ.

ಆಗ ಧಣಿಗಳು ಹಳೆಯ ಕಾರಿನ ಕಡೆ ತಿರುಗಿದರು. "ಹೂ ಕಟ್ಟಿದ ಕಾರು ದಾರಿಯಲ್ಲಿ ಉಳಿಯಬಾರದು. ಕತ್ತಲಾಗುವುದರೊಳಗೆ ಮನೆ ಸೇರಬೇಕು. ಕೂಸಪ್ಪ, ನೀನು ಮುಂದೆ ಹೊರಡು."

"ಬೇಡ ಧಣಿ, ಇಲ್ಲಿ ಬಿಡಿ. ನಾಳೆ ಸಂಜೆಗೆ ಹೊಸ ಬುಶ್ ಹಾಕಿ ಕೊಡ್ತೇನೆ."

"ಖಾಲಿ ಕಾರಿಗೆ ಏನಾಗ್ತದೆ ಮಾರಾಯ?"

ಸಾಹೇಬರು ಬಾನೆಟ್ಟಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಕೂಸಪ್ಪನೇ ಅದನ್ನು ಮೆಲ್ಲ ಸರಿಸಿದ. "ಬಿಡಿ ಸಾಹೇಬ್ರೇ. ಮೆಲ್ಲ ಹೋಗ್ತೇನೆ."

ಹೂವು ಹಣ್ಣಿನ ಹರಿವಾಣಗಳನ್ನು ನನ್ನ ಕಾರಿಗೆ ತಂದಿಡುವಾಗಲೇ ಅವನು ಎಣ್ಣೆಯ ವಿಷಯವನ್ನೆಲ್ಲ ನನಗೆ ಹೇಳಿದ್ದು. ಇದನ್ನು ಧಣಿಗಳಿಗೆ ಹೇಳು ಎಂದೆ. "ಹೇಗೆ ಹೇಳುವುದು? ಮಗಳ ಎದುರು ಅಮ್ಮನ ಮರ್ಯಾದೆ ಹೋಗ್ತದೆ. ನಾಳೆ ಸುಂದರಿ ಅವರ ಹಿತ್ತಲಿಗೇ ಹೋಗಬೇಕಲ್ಲ," ಎಂದು ಹೋಗಿ ಸ್ಟೇರಿಂಗ್ ಹಿಡಿದ.

ಅವನು ಮುಂದೆ, ನಾನು ಹಿಂದೆ. ಶಶಿಪ್ರಭಾಗೆ ಕುಲುಕಬಾರದೆಂದು ನಾನು ನಿಧಾನ ಮಾಡಿದೆ, ಅವನ ಕಾರು ದೂರವಾಯಿತು. ಏರು ದಾರಿಯಲ್ಲಿ ಒಂದು ಸಲ ಕಂಡಿತು. ಸದ್ದೇ ಇಲ್ಲದೆ ತೇಲುತ್ತಾ ಹೋಗುತ್ತಿತ್ತು. ಕಾಂತಿಯಮ್ಮ ಏನೋ ಮಂತ್ರ ಹೇಳಿಕೊಳ್ಳುತ್ತಿದ್ದರು.

ಸಿದ್ದಕಟ್ಟೆಗೆ ಇಳಿಯುವ ತಿರುವಿನಲ್ಲಿ ಕಟ್ಟಿದ ಬೀಡಿಯನ್ನು ಅಂಗಡಿಗೆ ಕೊಟ್ಟು ಬರುತ್ತಿದ್ದ ಹೆಂಗಸರು ಬುಟ್ಟಿಗಳನ್ನು ಕೆಳಗಿಟ್ಟು ತೋಡಿನ ಕಡೆ ಬಗ್ಗಿ ನೋಡುತ್ತಿದ್ದರು. ನಾನು ನಿಲ್ಲಿಸಿದೆ. ತೋಡಿನಲ್ಲಿ ನೀರಿರಲಿಲ್ಲ, ಬರೀ ಬಂಡೆ. ಕಾರು ಮಗುಚಿ ಬಿದ್ದಿತ್ತು. ಎದುರಿನ ಒಂದು ಚಕ್ರ ಓರೆಯಾಗಿ ಹೊರಗೆ ಚಾಚಿತ್ತು. ಕೆಳಗೆ ಇಳಿದಿದ್ದ ಇಬ್ಬರು ಗಂಡಸರು ಬಾಗಿಲು ಎಳೆಯುವುದನ್ನು ಬಿಟ್ಟು ಎದ್ದು ನಿಂತರು. ಒಬ್ಬ ಮೇಲೆ ನಮ್ಮನ್ನು ನೋಡಿ ತಲೆಯಾಡಿಸಿದ.

ಧಣಿಗಳು ಇಳಿದು ಬಹಳ ಹೊತ್ತು ನೋಡಿದರು. ಮತ್ತೆ ಬಂದು ನನ್ನ ಪಕ್ಕ ಕೂತು, ಕಣ್ಣು ಮುಚ್ಚಿ ಕೈ ಮುಗಿದರು.

"ದೇವರು ದೊಡ್ಡವನು. ಸದ್ಯ, ಕಾರಿನಲ್ಲಿ ಯಾರೂ ಇರಲಿಲ್ಲ."

ಹಿಂದಿನ ಸೀಟಿನಿಂದ ಶಶಿಪ್ರಭಾ ಹೇಳಿದಳು, "ಕೂಸಪ್ಪ ಇದ್ದ, ಅಪ್ಪ."