ಉಡಿ ತುಂಬಲೊಲ್ಲದ ಊರು

ಅಥಣಿಗೆ ವರ್ಗವಾದ ಆದೇಶ ಕೈಗೆ ಬಂದ ದಿನ ಸಕ್ಕುಬಾಯಿ ಬಾಗಿಲು ಹಾಕಿಕೊಂಡು ಒಂದು ಸುತ್ತು ಕುಣಿದೇ ಬಿಟ್ಟಳು. ಕುಣಿಯದೆ ಏನು ಮಾಡಿಯಾಳು? ಗಂಡ ಅಣ್ಣಾಸಾಬ ಅಥಣಿಯಲ್ಲಿ ಬಸ್ ಕಂಡಕ್ಟರ್. ಇವಳಿಗೆ ಕುಡಚಿಯ ಆಚೆ, ಹೊಳೆದಂಡೆಯ ಹಳ್ಳಿಯಲ್ಲಿ ಕನ್ನಡ ಶಾಲೆಯ ನೌಕರಿ. ಮಗ ಬಾಳು ಮೊಲೆ ಬಿಟ್ಟಾಗಿನಿಂದ ಅಥಣಿಯಲ್ಲಿ ಅವಳ ಅತ್ತೆಯ ಹತ್ತಿರ. ವಾರವೆಲ್ಲ ಊರವರ ಮಕ್ಕಳ ಮೂಗು ಒರೆಸುವುದು, ಹೆತ್ತ ಮಗನ ಮೂಗು ಒರೆಸಲಿಕ್ಕೆ ಭಾನುವಾರವೊಂದೇ. ಅವತ್ತೂ ಸಂಜೆ ಬಸ್ಸಿಗೆ ಹೊರಟಾಗ ಹುಡುಗ ಸೆರಗು ಬಿಡುತ್ತಿರಲಿಲ್ಲ. ಬೆರಳು ಬಿಡಿಸಿಕೊಂಡು, ಹಿಂದಕ್ಕೆ ನೋಡದೆ ಓಡಬೇಕು. ಎಂಥ ಜೀವ ತಡೆದೀತು, ನೀವೇ ಹೇಳಿ. ರಾತ್ರಿ ಎಚ್ಚರವಾದರೆ ಪಕ್ಕದ ಹಾಸಿಗೆಯನ್ನು ತಡವರಿಸುತ್ತಿದ್ದಳು, ಕೂಸಿಲ್ಲ ಅಂತ ಗೊತ್ತಿದ್ದೂ.

ಆ ಶಾಲೆಯಲ್ಲಿ ಮಾಸ್ತರರಿಗೇನು ಬರವಿರಲಿಲ್ಲ. ಹೆಡ್ ಮಾಸ್ತರ ಬಾಪುಸಾಹೇಬರಿಂದ ಹಿಡಿದು ಎಲ್ಲರೂ ಗಂಡಸರೇ. ಅಕ್ಕೋರು ಅಂತ ಇದ್ದವಳು ಸಕ್ಕುಬಾಯಿ ಒಬ್ಬಳೇ. ಅವಳು ಬರುವ ಮುಂಚೆ ಹೆಣ್ಣುಮಕ್ಕಳ ಓದು ನಾಲ್ಕನೆಯ ಇಯತ್ತೆಗೆ ಮುಗಿಯುತ್ತಿತ್ತು. ಬರೀ ಗಂಡಸರಿರುವ ಶಾಲೆಗೆ ಬೆಳೆದ ಹುಡುಗಿಯನ್ನು ಯಾರು ಕಳಿಸುತ್ತಾರೆ? ಇವಳು ಬಂದ ಮೇಲೆ "ಅಕ್ಕೋರು ಅದಾರಲ್ಲ, ಹೋಗ್ಲಿ ಬಿಡು" ಎನ್ನತೊಡಗಿದರು. ಮೈನೆರೆದ ಹುಡುಗಿಯರೂ ಎರಡು ಜಡೆ ಹಾಕಿಕೊಂಡು ಏಳನೆಯ ಇಯತ್ತೆಯಲ್ಲಿ ಕುಳಿತರು.

ಈಗ ಅವಳ ಜಾಗಕ್ಕೆ ಬರುವವರು ಮತ್ತೊಬ್ಬ ಮಾಸ್ತರರು. ಸುದ್ದಿ ತಿಳಿದದ್ದೇ ತಡ, ಊರಿನ ಹಿರಿಯ ಹೆಂಗಸು ಭೀಮಾಬಾಯಿ ಬಾವಿಕಟ್ಟೆಯಲ್ಲಿ ನಿಂತು ಫರ್ಮಾನು ಹೊರಡಿಸಿದಳು.

"ಯಾರೂ ಆಕಿ ಉಡಿ ತುಂಬಬ್ಯಾಡ್ರಿ ನೋಡ್ರಿ! ಉಡಿ ತುಂಬಿಸ್ಕೊಳ್ಳದ ಹ್ಯಾಂಗ ಊರು ದಾಟ್ತಾಳ, ನಾನೂ ನೋಡ್ತೀನಿ."

ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ಅಕ್ಕಿ, ಕಾಯಿ, ಕುಬಸದ ಕಣ ಹಾಕಿ ಉಡಿ ತುಂಬದೆ ಆ ಊರಿನಲ್ಲಿ ಯಾರೂ ಕಳಿಸುವುದಿಲ್ಲ. ಸಕ್ಕುಬಾಯಿಗೆ ತವರಿರಲಿಲ್ಲ. ತಾಯಿ ತೀರಿಕೊಂಡು ಎಷ್ಟೋ ವರ್ಷ. ಪ್ರತಿ ಪಂಚಮಿಗೆ ಉಡಿ ತುಂಬಿ ಅವಳನ್ನು ಊರಿನ ಮಗಳು ಮಾಡಿಕೊಂಡವರು ಈ ಹೆಂಗಸರೇ. ಸರಕಾರದ ಆದೇಶವನ್ನು ಒಂದು ಹಿಡಿ ಅಕ್ಕಿ ತಡೆದು ನಿಲ್ಲಿಸುತ್ತದೆಂದು ನಂಬಿದರಲ್ಲ, ನಗಬೇಕೋ ಅಳಬೇಕೋ!

ನಗುವ ಹಾಗಿರಲಿಲ್ಲ ಬಿಡಿ. ಹೊರಡುವ ದಿನ ಟ್ರಂಕು ಕಟ್ಟಿಟ್ಟು ಸಕ್ಕುಬಾಯಿ ಹೊಸ್ತಿಲ ಮೇಲೆ ಕುಳಿತಳು. ಓಣಿಯಲ್ಲಿ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಬೆಳಗಿನ ಬಸ್ಸು ಹಾರ್ನ್ ಹೊಡೆದು ಹೋಯಿತು. ಯಾರಾದರೂ ಅವಳ ಕೈಕಾಲು ಕಟ್ಟಿದ್ದರೇ? ಇಲ್ಲ. ಆದರೆ ಬರಿಯ ಸೆರಗು ಹೊತ್ತುಕೊಂಡು ಏಳಲು ಮನಸ್ಸೇ ಬರಲಿಲ್ಲ. ಅತ್ತ ಮಗ, ಇತ್ತ ಈ ಊರು. ಮಂಡಿಗೆ ಮುಖವಿಟ್ಟು ಅತ್ತಳು.

ಹೊತ್ತು ಏರಿದ ಮೇಲೆ ಕೆಂಪವ್ವ ಬಂದಳು. ಕುರಿ ಕಾಯುವ ತುಕಾರಾಮನ ಹೆಂಡತಿ. ಮಗಳು ಸುಂದರಾ ಆರನೆಯ ಇಯತ್ತೆ. ಕೆಂಪವ್ವನ ಕೈಯಲ್ಲಿ ಅಕ್ಕಿಯ ತಾಟು ಇತ್ತು.

"ಏಳ್ರಿ ಅಕ್ಕೋರ, ಒಳಗ ನಡೀರಿ. ಮೂಡಲಕ್ಕ ಮಾರಿ ಮಾಡಿ ಕುಂದರ್ರಿ."

"ಭೀಮಾಬಾಯಿ ನಿನ್ನ ಸುಮ್ನ ಬಿಡೂದಿಲ್ಲ, ಕೆಂಪವ್ವ."

"ಬೈದ್ರ ಬೈಲಿ. ಆಕಿಗೇನ್ ಗೊತ್ತ? ಕುರಿ ಹಿಂಡಿನ ಬೆನ್ನ ಹತ್ತಿ ಹ್ವಾದಾಗ ನಾನೂ ಸುಂದರಾನ್ನ ನಮ್ಮತ್ತಿ ಕಡೆ ಬಿಟ್ಟು ಹ್ವಾದಾಕಿನ. ಹಡದ ಕೂಸಿನ ಬಿಟ್ಟಿರೂದು ಏನಂತ ನನಗ ಗೊತ್ತೈತ್ರಿ."

ಸೆರಗಿಗೆ ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಹಾಕಿ ಮುಗಿಸಿ, ತಲೆ ತಗ್ಗಿಸಿ ಹೇಳಿದಳು.

"ಸುಂದರಾನ ಅಪ್ಪ ಹೊರಗ ನಿಂತಾನ್ರಿ. ನಾಳಿಂದ ಸಾಲಿ ಬ್ಯಾಡ ಅಂದಾನ. ಇನ್ನೊಬ್ರು ಅಕ್ಕೋರು ಬರ್ತಾರಂತ ಅವಂಗ ಒಂದ್ ಮಾತ್ ಹೇಳ್ರಿ."

"ಮಾಸ್ತರು ಬರಾಕತ್ತಾರಲ್ಲ ಮಾರಾಯ್ತಿ."

"ನನಗ ಗೊತ್ತೈತ್ರಿ. ಕುರಿ ಕೂಡ ಹೋದಾಂವ ನಿನ್ನಿ ಬಂದಾನ, ಅವಂಗ ಗೊತ್ತಿಲ್ಲ."

ಸಕ್ಕುಬಾಯಿ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದಳು. ಬೇವಿನ ಗಿಡದ ಕೆಳಗೆ ತುಕಾರಾಮ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ.

"ತುಕಾರಾಮಣ್ಣ, ಇನ್ನೊಬ್ರು ಅಕ್ಕೋರು ಬರ್ತಾರ. ದಸರಾ ಸೂಟಿ ಮುಗೀಲಿ. ಅಲ್ಲೀತನಕ ಹುಡುಗಿನ್ನ ಬಿಡಸಬ್ಯಾಡ್ರಿ."

"ನೀವ್ ಅಂದ್ರ ಆತ್ ಬಿಡ್ರಿ" ಅಂದ ಅವನು. ಅಷ್ಟೇ ಅಲ್ಲ, ಟ್ರಂಕನ್ನೂ ತಾನೇ ಹೊತ್ತು ತಂದು ಬಸ್ಸಿನ ಮೇಲೆ ಇಟ್ಟ.

ಅಥಣಿಯಲ್ಲಿ ಬಾಳು ಅವಳ ಮಗ್ಗುಲು ಬಿಟ್ಟು ಮಲಗಲಿಲ್ಲ. ಬೇಡಿದ್ದೆಲ್ಲ ಸಿಕ್ಕಿತ್ತು. ಆದರೂ ಹಾಳು ಮನಸ್ಸು ಸುಮ್ಮನಿದ್ದರೆ ತಾನೆ? ಪೇಟೆಯ ಶಾಲೆಗಳಲ್ಲಿ ಅಕ್ಕೋರುಗಳಿಗೆ ಕೂಡಲು ಕುರ್ಚಿ ಸಾಲುತ್ತಿರಲಿಲ್ಲ. ಅವರ ನಗು, ಮಾತು, ಡಬ್ಬಿ ಹಂಚಿಕೊಂಡು ಉಣ್ಣುವುದು ನೋಡಿದಾಗ ಸಕ್ಕುಬಾಯಿಗೆ ಆ ಹೊಳೆದಂಡೆಯ ಶಾಲೆಯ ನೆನಪು ಉಕ್ಕಿ ಬರುತ್ತಿತ್ತು. ಇವರಲ್ಲಿ ಒಬ್ಬಳು, ಒಬ್ಬಳೇ ಒಬ್ಬಳು ಅಲ್ಲಿಗೆ ಹೋಗಬಾರದೇ? ಸಿಕ್ಕವರನ್ನೆಲ್ಲ ಕೇಳಿದಳು.

"ಚಲೋ ಊರ್ರಿ. ಮಂದಿ ಭಾಳ ಜೀವ ಮಾಡ್ತಾರ. ವರ್ಗ ಮಾಡಿಸ್ಕೊಂಡು ಹೋಗ್ತೀರೇನ್ರಿ?"

"ಅಯ್ಯ, ಹ್ಯಾಂಗ ಹೋಗೂದ್ರಿ ಬಾಯಿ! ನಮ್ಮವ್ರು ಇಲ್ಲೇ ಅದಾರ, ಕೂಸು ಸಣ್ಣದೈತಿ" ಎನ್ನುತ್ತಿದ್ದರು ಎಲ್ಲರೂ.

ತಾನು ಆ ಊರು ಬಿಟ್ಟದ್ದೂ ಇದಕ್ಕೇ ಅಲ್ಲವೇ? ಅವಳು ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು.

ಸಂಕ್ರಾಂತಿ ದಾಟಿದ ಮೇಲೆ ಒಂದು ಸಂಜೆ, ಬಾಳುವನ್ನು ಕರೆದುಕೊಂಡು ಅಥಣಿಯ ಸಂತೆಗೆ ಹೋದಾಗ ಕೆಂಪವ್ವ ಎದುರಾದಳು. ಕುರಿ ಮಾರಲು ಬಂದಿದ್ದಳಂತೆ. ಸಕ್ಕುಬಾಯಿಗೆ ಓಡಿಹೋಗಬೇಕೆನಿಸಿತು. ಆದರೂ ಧೈರ್ಯ ಮಾಡಿ ಕೇಳಿದಳು.

"ಸುಂದರಾ..?"

"ಸಾಲಿಗೆ ಹೋಗಾಕತ್ತಾಳ್ರಿ."

"ಅವರಪ್ಪ ಏನೂ ಅನ್ನಲಿಲ್ಲ?"

"ದಸರಾ ಮುಗೀತು, ದೀಪಾವಳಿ ಮುಗೀತು. ಬಸ್ ಬಂದಾಗೊಮ್ಮೆ ಹೋಗಿ ನೋಡಿ ಬರ್ತಾನ್ರಿ. ಹೊಸ ಅಕ್ಕೋರಿಗೆ ಏನೋ ಅಡಚಣಿ ಬಂದಿರಬೇಕು, ಬಂದ ಬರ್ತಾರ, ನಮ್ಮ ಅಕ್ಕೋರು ಹೇಳ್ಯಾರ ಅಂತಾನ. ಅವ್ರು ಬರೂತನಕ ಹುಡುಗಿ ಹೋಗ್ಲಿ ಅಂತಾನ."

ಬಾಳು "ಅವ್ವಾ, ಮನೀಗೆ ಹೋಗೂಣ ನಡಿ" ಎಂದು ಕೈ ಜಗ್ಗಿದ. ಸಕ್ಕುಬಾಯಿ ಹೂಂ ಅಂದಳು, ಹೆಜ್ಜೆ ಕೀಳಲಿಲ್ಲ. ಸಂತೆಯ ಆಚೆ ಕುಡಚಿಯ ಬಸ್ಸು ಹೊರಡಲು ನಿಂತಿತ್ತು. ಕೈಚೀಲ ಹಿಡಿದ ಹೆಂಗಸು ಯಾರಾದರೂ ಹತ್ತುತ್ತಾಳೇನೋ ಎಂದು ಅದು ಹೊರಡುವವರೆಗೂ ನೋಡುತ್ತ ನಿಂತಳು.