ಹಾಳಾದದ್ದನ್ನು ಬಿಡಲೇ?

ಮತ್ತೆ ಟಿಕ್ ಎಂದಿತು. ಅವನು ಮೇಜಿನ ಮೇಲೆ ಬಗ್ಗಿ ಹಾರ್ಡ್ ಡಿಸ್ಕಿಗೆ ಕಿವಿ ಹಚ್ಚಿದ. ಬೆಚ್ಚಗಿತ್ತು. ಬೆಚ್ಚಗಿರುವ ಯಾವುದರ ಹತ್ತಿರವೂ ಇಷ್ಟು ದಿನ ಹೋಗಿರಲಿಲ್ಲವೆಂದು ಹೊಳೆದು, ಕಿವಿ ತೆಗೆದ.

ಪಕ್ಕದ ಕೋಣೆಯಲ್ಲಿ ಹೆಂಡತಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಸಂಜೆ ಅವಳ ಅಕ್ಕ ಕಾರು ತರುತ್ತಾಳೆ. ಇನ್ನು ಮುಂದೆ ಇವಳು ಅಕ್ಕನ ಮನೆಯಲ್ಲೇ. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿ ಮಾಡಿಕೊಳ್ಳುವುದಕ್ಕಾದರೂ ಏನೋ ಒಂದು ಸಿಗುತ್ತಿತ್ತು.

ಪಾತ್ರೆ, ಕುರ್ಚಿ, ಪರದೆ ಯಾವುದೂ ಬೇಡವೆಂದಿದ್ದಳು. ಕೇಳಿದ್ದು ಹಳೆಯ ಫೋಟೋಗಳ ಒಂದು ನಕಲು.

"ಯಾಕೆ?" ಎಂದು ಕೇಳಿದ್ದ.

"ಇಷ್ಟು ವರ್ಷ ಎಲ್ಲಿದ್ದೆ ಅಂತ ಯಾರಾದ್ರೂ ಕೇಳಿದ್ರೆ ತೋರಿಸ್ಬೇಕಲ್ಲ."

ಅವಳ ಫೋನು, ಅವನ ಫೋನು, ಕ್ಯಾಮೆರಾ ಎಲ್ಲದರಿಂದಲೂ ಫೋಟೋಗಳನ್ನು ತೆಗೆದು ಈ ಡಿಸ್ಕಿಗೆ ಹಾಕಿದವನು ಅವನೇ. ಒಂದೇ ಕಡೆ ಇದ್ದರೆ ಜೋಪಾನ ಎಂದಿದ್ದ. ಉಳಿದ ಕಡೆ ಅಳಿಸಿದವನೂ ಅವನೇ. ಇಂದು ಬೆಳಿಗ್ಗೆ ನಕಲು ಮಾಡಲು ಕೂತಾಗ ಡಿಸ್ಕು ಟಿಕ್ ಎಂದಿತು.

ಆಫೀಸಿನ ಮೆಕ್ಯಾನಿಕ್‌ಗೆ ಫೋನು ಮಾಡಿದ. ಕೆಟ್ಟ ಯಂತ್ರಗಳಿಗೆಲ್ಲ ಕಿವಿ ಕೊಟ್ಟು ಕೇಳುವುದರಿಂದ ಅವನಿಗೆ ಡಾಕ್ಟರ್ ಎಂಬ ಹೆಸರು ಬಿದ್ದಿತ್ತು.

"ಟಿಕ್ ಟಿಕ್ ಅಂತಿದ್ಯಾ ಸಾರ್, ಕಿರ್ರ್ ಅಂತಿದ್ಯಾ?"

"ಎರಡೂ."

"ಹಾಗಾದ್ರೆ ಸಂಸಾರ ಇನ್ನೂ ನಡೀತಿದೆ. ಸದ್ದೇ ಇಲ್ದಿದ್ರೆ ಹೆದರ್ಕೋಬೇಕು."

ಅವನು ಸ್ವಲ್ಪ ತಡವಾಗಿ ನಕ್ಕ. "ಯಾವ ಸಾಫ್ಟ್‌ವೇರ್ ಹಾಕ್ಲಿ?"

"ಯಾವ್ದಾದ್ರೂ ಹಾಕಿ. ಆದ್ರೆ ಬರೀ ಓದೋಕೆ ಹೇಳಿ, ರಿಪೇರಿಗೆ ಕೈ ಹಾಕ್ಬೇಡಿ. ರಿಪೇರಿ ಮಾಡಿದ್ರೆ ಡಿಸ್ಕ್ ಉಳ್ಕೊಳುತ್ತೆ, ಒಳಗಿರೋದು ಹೋಗ್ಬಹುದು. ಆಮೇಲೆ, ಶುರು ಮಾಡಿದ್ಮೇಲೆ ಮಧ್ಯದಲ್ಲಿ ನಿಲ್ಲಿಸ್ಬೇಡಿ. ಇನ್ನೊಂದ್ಸಲ ತಿರುಗುತ್ತೆ ಅಂತ ನಾನಂತೂ ಹೇಳಲ್ಲ."

ಅವನು ಫೋನಿಟ್ಟ. ಸಂಜೆ ಕಾಲೇಜಿನಲ್ಲಿ ಓದಿದವನು. ಹಗಲು ಓದಿದವರಿಗೆಲ್ಲ ಗೊತ್ತಿರುವ ಯಾವುದೋ ಮೊದಲ ಪಾಠ ತನಗೆ ತಪ್ಪಿಹೋಗಿದೆಯೆಂಬ ಅನುಮಾನ ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಆದ್ದರಿಂದ ಸಾಫ್ಟ್‌ವೇರುಗಳ ಬಗ್ಗೆ ಸಿಕ್ಕಿದ್ದೆಲ್ಲವನ್ನೂ ಓದಿದ. ಒಂದು ಸಾಫ್ಟ್‌ವೇರ್ ಬರೀ ಪರೀಕ್ಷೆ ಮಾಡುತ್ತಿತ್ತು. ಕೊನೆಗೆ ಕೆಂಪು ಅಕ್ಷರದಲ್ಲಿ 'ಸ್ಥಿತಿ ಚೆನ್ನಾಗಿಲ್ಲ' ಎಂದಿತು. ಅಷ್ಟು ಅವನಿಗೂ ಗೊತ್ತಿತ್ತು. ಇನ್ನೊಂದು, ಎಲ್ಲವನ್ನೂ ಮೊದಲಿನಂತೆ ಮಾಡಿಕೊಡುವುದಾಗಿ ಮಾತು ಕೊಡುತ್ತಿತ್ತು. ಆ ಮಾತಿಗೇ ಅವನು ಹೆದರಿದ.

ಮೂರನೆಯದು ಪರಿಚಯದ್ದು. ಕಂಪ್ಯೂಟರಿನ ಮಾತುಗಳನ್ನು ನಮ್ಮ ಭಾಷೆಗೆ ತರುವುದು ಅವನ ಕೆಲಸ. ಇದರ ಪರದೆಯ ಮೇಲಿನ ಮಾತುಗಳೇ ಅವನ ಮೊದಲ ಅನುವಾದ. ಓದುವುದು, ರಿಪೇರಿ ಎರಡೂ ಅದರಲ್ಲಿ ಒಟ್ಟಿಗೇ ಇದ್ದವು; ಹಾಳಾದ ಜಾಗ ಸಿಕ್ಕಾಗ ನಿಂತು ಕೇಳುತ್ತಿತ್ತು. ಅದನ್ನೇ ಆರಿಸಿದ. ಒಳ್ಳೆಯದೆಂದಲ್ಲ. ತಪ್ಪಾದರೆ ಯಾರನ್ನು ಬಯ್ಯಬೇಕೆಂದು ಗೊತ್ತಿರುತ್ತದೆ.

ನಕಲು ಶುರುವಾಯಿತು. ಒಂದೊಂದೇ ಫೋಟೋ ಪರದೆಯ ಮೂಲೆಯಲ್ಲಿ ಮೂಡಿ ಹೋಯಿತು. ಕೊಡೆ ಹಿಡಿದ ಹೆಂಡತಿ. ಬಸ್ಸಿನ ಕಿಟಕಿಯಲ್ಲಿ ಹೆಂಡತಿ. ಮಂಚದ ಮೇಲೆ ಪುಸ್ತಕ ಮುಖಕ್ಕೆ ಅಡ್ಡ ಹಿಡಿದು, "ಸಾಕು ಬಿಡಿ" ಎನ್ನುತ್ತಿರುವ ಹೆಂಡತಿ. ಕೆಲವು ಅರ್ಧಕ್ಕೇ ಬೂದು ಪಟ್ಟಿಯಾಗಿದ್ದವು; ಕಾಲಿತ್ತು, ಮುಖವಿರಲಿಲ್ಲ. ಅವನು ಯಾವುದರಲ್ಲೂ ಇರಲಿಲ್ಲ. ತೆಗೆದವನು ಇರುವುದು ಹೇಗೆ?

ಆಮೇಲೆ ಡಿಸ್ಕು ಕಿರ್ರ್ ಎಂದಿತು. ಪರದೆಯ ನಡುವೆ ಒಂದು ಸಾಲು ಬಂತು.

'ಹಾಳಾದದ್ದನ್ನು ಬಿಡಲೇ?'

ಕೆಳಗೆ 'ಹೌದು', 'ಇಲ್ಲ'.

ತನ್ನದೇ ವಾಕ್ಯ. ಬರೆದ ದಿನ ಎಷ್ಟು ಚಿಕ್ಕದಾಗಿ, ಚೊಕ್ಕವಾಗಿ ಬಂದಿದೆಯೆಂದು ಬೀಗಿದ್ದ. ಈಗ ನೆನಪಾಯಿತು: ಮೂಲದಲ್ಲಿ ಎರಡು ಕಡೆ ಎರಡು ಬೇರೆ ಮಾತುಗಳಿದ್ದವು. ಒಂದರ ಅರ್ಥ, ಅದನ್ನು ಹಾಗೇ ಇರಗೊಟ್ಟು ಮುಂದಿನದನ್ನು ಓದಲೇ? ಇನ್ನೊಂದರ ಅರ್ಥ, ಅದನ್ನು ಒಳಗಿರುವುದರ ಸಮೇತ ತೆಗೆದುಹಾಕಲೇ? ಎರಡಕ್ಕೂ ಅವನು 'ಬಿಡಲೇ' ಎಂದೇ ಹಾಕಿದ್ದ. ಇದು ಯಾವುದು? ಮೊದಲನೆಯದಾದರೆ 'ಇಲ್ಲ' ಎಂದ ತಕ್ಷಣ ನಕಲು ನಿಲ್ಲುತ್ತದೆ.

ಭಾಷೆ ಬದಲಿಸಿ ನೋಡಬಹುದಿತ್ತು. ಬದಲಿಸಲು ಎಲ್ಲ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ನಿಲ್ಲಿಸಬೇಡಿ ಎಂದಿದ್ದ ಡಾಕ್ಟರ್.

"ಆಯ್ತಾ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಚಪ್ಪಲಿ ಹಾಕಿಕೊಂಡಾಗಿತ್ತು.

"ಏನೋ ಕೇಳ್ತಿದೆ."

"ಏನಂತೆ?"

ಅವನು ಓದಿ ಹೇಳಿದ. ಕೋಣೆಯಲ್ಲಿ ಆ ಮಾತು ಬೇರೆಯೇ ಕೇಳಿಸಿತು.

"ಬಿಡೋದು ಅಂದ್ರೆ? ಇದ್ದ ಹಾಗೆ ಬಿಡೋದಾ, ಕೈ ಬಿಡೋದಾ?"

"ಗೊತ್ತಾಗ್ತಿಲ್ಲ."

"ಯಾವ ಪುಣ್ಯಾತ್ಮ ಬರೆದಿದ್ದು?"

"ನಾನೇ."

ಅವಳು ನಕ್ಕುಬಿಟ್ಟಳು. ಅವನಿಗೂ ನಗು ಬಂತು. ಇಬ್ಬರೂ ಒಟ್ಟಿಗೆ ನಕ್ಕು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಹೊರಟವನು, ನಗುವುದನ್ನು ಮರೆತ.

ಕೆಳಗೆ ಕಾರಿನ ಹಾರ್ನ್ ಆಯಿತು.

"ಅಕ್ಕ ಬಂದ್ಲು," ಎಂದಳು. ಹೋಗಲಿಲ್ಲ. "ಏನ್ ಮಾಡ್ತೀರಿ?"

"ನೀನು ಹೇಳು."

"ಯಾವಾಗ್ಲೂ ನಾನೇ ಹೇಳ್ಬೇಕು."

"ಹಾಗಲ್ಲ. ತಪ್ಪಾದ್ರೆ ಎಲ್ಲಾ ಹೋಗುತ್ತೆ, ಅದಕ್ಕೆ..."

ಅವಳು ಪರದೆಯನ್ನು ನೋಡಿದಳು, ಅವನನ್ನು ನೋಡಿದಳು. ಮತ್ತೆ ಹಾರ್ನ್ ಆಯಿತು.

"ಬಿಡಿ," ಎಂದಳು.

ಸೂಟ್‌ಕೇಸಿನ ಚಕ್ರ ಮೆಟ್ಟಿಲಿನಿಂದ ಮೆಟ್ಟಿಲಿಗೆ ಧಡ್ ಧಡ್ ಎಂದು ಇಳಿಯುವುದು ಕೇಳಿಸಿತು. ಎದ್ದು ಹೋಗಿ ಎತ್ತಿಕೊಡಬೇಕಿತ್ತು. ಅವಳ 'ಬಿಡಿ'ಗೆ ಯಾವ ಅರ್ಥವೆಂದು ಅವನು ಯೋಚಿಸುತ್ತ ಕೂತಿದ್ದ. ಕಾರಿನ ಬಾಗಿಲು ಮುಚ್ಚಿತು. ಸದ್ದು ಬೀದಿಯ ತಿರುವಿನವರೆಗೆ ಹೋಗಿ ಆರಿತು.

ಪರದೆಯ ಮೇಲಿನ ಬಾಣ 'ಹೌದು', 'ಇಲ್ಲ'ಗಳ ನಡುವಿನ ಖಾಲಿ ಜಾಗದಲ್ಲಿ ನಿಂತಿತ್ತು. ಬೆಳಕು ಕಡಿಮೆಯಾಗುತ್ತಿತ್ತು, ದೀಪ ಹಾಕಲು ಏಳಲಿಲ್ಲ.

ಟಿಕ್. ಟಿಕ್. ಟಿಕ್.

ಯಾರೋ ಬಾಗಿಲು ಬಡಿದಂತಾಯಿತು.

"ಯಾರು?" ಎಂದ.

ಟಿಕ್, ಎಂದಿತು ಮೇಜಿನ ಮೇಲಿನ ಡಿಸ್ಕಿನ ಪೆಟ್ಟಿಗೆ. ಒಳಗಿನಿಂದ.