ಡಾಕ್ಟರ್ ಬ್ರೆಂಟರ ಪೆಟ್ಟಿಗೆಯಲ್ಲಿ ನಮ್ಮ ಬಳೆ

ಬಂದರಿನ ಬ್ರೆಂಟ್ ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆಯ ಚೀಟಿ ಓದಿದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ‘ಕಿಟಾವ ದ್ವೀಪದ ಹಿರಿಯನೊಬ್ಬ ಡಾಕ್ಟರಿಗೆ ಪ್ರೀತಿಯಿಂದ ಕೊಟ್ಟ ಚಿಪ್ಪಿನ ತೋಳಬಳೆ.’ ಪ್ರೀತಿಯಂತೆ, ಮಣ್ಣಂಗಟ್ಟಿ.

ನಮ್ಮ ಕಿಟಾವದಲ್ಲಿ ಚಿಪ್ಪಿನ ಬಳೆ ಯಾರ ಮನೆಯಲ್ಲೂ ನಿಲ್ಲುವುದಿಲ್ಲ. ದೋಣಿಯೇರಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತದೆ, ಬದಲಿಗೆ ಚಿಪ್ಪಿನ ಹಾರ ಬರುತ್ತದೆ. ಹಿಡಿದಿಟ್ಟುಕೊಂಡವನು ಜಿಪುಣ, ಅದಕ್ಕಿಂತ ಕೆಟ್ಟ ಬೈಗುಳ ನಮಗೆ ಗೊತ್ತಿಲ್ಲ. ಹೊಸ ದ್ವೀಪ ಹುಡುಕುತ್ತ, ಹಕ್ಕಿ ಹುಳು ಹಿಡಿಯುತ್ತ ಬಂದ ಈ ಡಾಕ್ಟರನನ್ನು ನಂಬಿ ಮುತ್ತಜ್ಜ ಬೊಮಲು ಎಂಬ ಬಳೆ ಕೊಟ್ಟ. ಹಡಗು ಹತ್ತಿದ ಪುಣ್ಯಾತ್ಮ ತಿರುಗಿ ನೋಡಲಿಲ್ಲ; ಬಳೆ ಮುಂದಕ್ಕೂ ಹೋಗಲಿಲ್ಲ, ಬದಲಿಗೆ ಹಾರವೂ ಬರಲಿಲ್ಲ. ಅಂದಿನಿಂದ ನಮ್ಮದು ‘ಬಳೆಯನ್ನು ಗುಂಡಿಗೆ ಹಾಕಿದವರ ಮನೆ’. ನನ್ನ ಸೋದರಮಾವ ಕಲುಬಕುವಿಗೆ ಕೂದಲು ಬೆಳ್ಳಗಾದರೂ ಒಂದು ಒಳ್ಳೆಯ ಹಾರ ಯಾರೂ ಕೊಟ್ಟಿಲ್ಲ.

ನನ್ನ ಜೊತೆ ಬಂದಿದ್ದ ಮಾವ ಬುಟ್ಟಿಯಿಂದ ಹಸಿರು ಕಲ್ಲಿನ ಕೊಡಲಿ ತೆಗೆದು ಮ್ಯೂಸಿಯಂ ನೋಡಿಕೊಳ್ಳುವ ಗವೇರನ ಮುಂದಿಟ್ಟರು.

“ತಗೊಳ್ಳಪ್ಪ. ಬೊಮಲೂನ ನೋಡಿ ಕೊಡ್ತಿದೀನಿ.”

ಬಳೆ ಬೇಕಾದವರು ನಮ್ಮಲ್ಲಿ ಹೀಗೇ ಕೇಳುವುದು, ಬಾಯಿ ಬಿಟ್ಟಲ್ಲ. ಕೊಡುವ ಮನಸ್ಸಿಲ್ಲದಿದ್ದರೆ ಮುಟ್ಟಬಾರದು. ತೆಗೆದುಕೊಂಡರೆ ಬಳೆ ಬಿಡಬೇಕು. ಎಲ್ಲಿಯದೋ ಪಟ್ಟಣದ ಗವೇರ ಇದೇನೂ ತಿಳಿಯದೆ ಎರಡೂ ಕೈಯಿಂದ ಬಾಚಿಕೊಂಡ.

“ದೊಡ್ಡ ಮನಸ್ಸು ಅಜ್ಜ ನಿಮ್ದು. ಡಾಕ್ಟರ ಸಾಮಾನಿನ ಪಕ್ಕಾನೇ ಇಡ್ತೀನಿ.”

“ಯಾರಪ್ಪನ ಸಾಮಾನು ಅದು?” ಎಂದೆ.

“ಸುಮ್ನಿರೇ,” ಮಾವ ಗದರಿದರು. “ತಗೊಂಡಾಯ್ತಲ್ಲ, ಕೊಡ್ತಾನೆ.”

ಗವೇರ ಬೀಗ ತೆಗೆದು ಕೊಡಲಿಯನ್ನು ಬೊಮಲುವಿನ ಪಕ್ಕ ಇಟ್ಟ. ಮಾವ ಎರಡೂ ಕೈ ಚಾಚಿದರು. ಅವನು ಒಂದು ಕೈ ಹಿಡಿದು ಕುಲುಕಿ, ಪೆಟ್ಟಿಗೆ ಮುಚ್ಚಲು ತಿರುಗಿದ.

ಮಾವನ ಕೈ ಚಾಚಿದಂತೆಯೇ ಇತ್ತು. ನನಗೆ ತಡೆಯಲಾಗಲಿಲ್ಲ. ಗವೇರನನ್ನು ಪಕ್ಕಕ್ಕೆ ನೂಕಿ ಬಳೆ ತೆಗೆದು ಮಾವನ ಕೈಯಲ್ಲಿಟ್ಟೆ.

“ಏಯ್, ಕಳ್ಳತನ ಇದು. ಪೊಲೀಸ್ ಕರೀತೀನಿ.”

“ಕರಿ. ಹಂಗೇ ಕಿಟಾವದ ಹಿರೀಕರನ್ನೂ ಕರೆಸು. ಕೊಡಲಿ ತಗೊಂಡ್ಯೋ ಇಲ್ವೋ, ಅವರ ಮುಂದೆ ಬೊಗಳು,” ಎಂದೆ.

“ನಿಮ್ಮ ಕೊಡಲೀನೂ ಬೇಡ, ತಗೊಂಡ್ಹೋಗಿ.”

ಮಾವನ ಮುಖ ಕಪ್ಪಿಟ್ಟಿತು. “ಇಟ್ಕೊ. ತಗೊಂಡು ಏನೂ ಕೊಡದೆ ಹೋಗೋದು ನಿಮ್ಮ ಡಾಕ್ಟರ ಪದ್ಧತಿ, ನಮ್ದಲ್ಲ.”

ದೋಣಿ ಕಟ್ಟಿದ್ದ ದಕ್ಕೆಯ ಕಡೆ ಓಡುವಂತೆ ನಡೆದೆವು. “ಪೊಲೀಸು ಬರೋದ್ರೊಳಗೆ ಇದನ್ನ ಮನೇಲಿ ಬಚ್ಚಿಡೋಣ ಮಾವ,” ಎಂದೆ.

ಮಾವ ನಿಂತುಬಿಟ್ಟರು. ಗವೇರನನ್ನೂ ಅವರು ಹಾಗೆ ಕೆಕ್ಕರಿಸಿ ನೋಡಿರಲಿಲ್ಲ.

“ಬಚ್ಚಿಡೋಕೆ ನಾನೇನು ಡಾಕ್ಟರಾ? ದೋಣಿ ಬಿಚ್ಚು. ಇದು ಮುಂದಿನ ದ್ವೀಪಕ್ಕೆ ಹೋಗ್ಬೇಕು.”